ಇಂಗ್ಲಿಷ್ ಓಣಿಯ ಸೂರ್ಯ

ನಮ್ಮ ಮನೆ ಇದ್ದದ್ದು ಡಚ್ಚರ ನಾಡಿನ ಎನ್ಸ್‌ಕೆಡೆ ಊರಿನ ಇಂಗ್ಲಿಷ್ ಓಣಿಯಲ್ಲಿ. ಅಲ್ಲಿ ಒಬ್ಬ ಇಂಗ್ಲಿಷರವನೂ ಇರಲಿಲ್ಲ. ಊರು ತುಂಬ ಹತ್ತಿ ಗಿರಣಿಗಳಿದ್ದ ಕಾಲಕ್ಕೆ ಗಿರಣಿಯ ಸಾಹುಕಾರರು ಇಂಗ್ಲೆಂಡಿನ ಹಳ್ಳಿಗಳ ನಮೂನೆ ನೋಡಿಕೊಂಡು ಬಂದು ಕೂಲಿಕಾರರಿಗೆ ಕಟ್ಟಿಸಿಕೊಟ್ಟ ಮನೆಗಳಂತೆ ಅವು. ಮನೆ ತೋರಿಸಲು ಬಂದವನು ‘ಇಂಗ್ಲಿಷ್ ಪದ್ಧತಿ, ಇಂಗ್ಲಿಷ್ ಪದ್ಧತಿ’ ಎಂದು ಎರಡೆರಡು ಸಲ ಹೇಳಿದ್ದ. ಅಂದಿನಿಂದ ನಮ್ಮ ಮನೆಯವರ ಬಾಯಲ್ಲಿ ಅದು ಇಂಗ್ಲಿಷ್ ಓಣಿ ಆಯಿತು.

ನೋಡಲು ಚೆಂದ. ಕೆಂಪು ಇಟ್ಟಂಗಿ, ಕಡಿದಾದ ಹಂಚಿನ ಮಾಡು, ಸೊಂಟದೆತ್ತರದ ಹಸಿರು ಬೇಲಿ, ತುದಿಗೆ ಹುಲ್ಲಿನ ಒಂದು ಬಯಲು. ಬಂದ ನೆಂಟರೆಲ್ಲ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಒಳಗೆ ಬಾಳುವವರಿಗೆ ಮಾತ್ರ ಅದರ ಅಳತೆ ಗೊತ್ತು. ಕೆಳಗೆ ಒಂದು ಕೋಣೆ, ಅದರ ಮೂಲೆಯಲ್ಲಿ ಅಡುಗೆ. ಮೇಲೆ ಎರಡು ಕೋಣೆ. ಅವಕ್ಕೆ ಹತ್ತಲು ನಿಚ್ಚಣಿಕೆಯಂತಹ ಮೆಟ್ಟಿಲು. ಮಾಡಿನ ಕೆಳಗೆ ಒಂದು ಅಟ್ಟ, ಅಟ್ಟಕ್ಕೆ ಒಂದು ಗಾಜಿನ ಬೆಳಕಿಂಡಿ. ಮನೆಯ ಮುಖ ಉತ್ತರಕ್ಕೆ. ಹಿಂದೆ ದಕ್ಷಿಣಕ್ಕೆ ಚಾಪೆಯಗಲದ ಹಿತ್ತಲು, ಹಿತ್ತಲಾಚೆ ಇನ್ನೊಂದು ಸಾಲು ಮನೆಗಳ ಎತ್ತರದ ಮಾಡು. ಆ ಮಾಡಿನ ಸಂಗತಿ ಮುಂದೆ ಬರುತ್ತದೆ.

ಎಲ್ಲ ಮನೆಗಳೂ ಒಂದಕ್ಕೊಂದು ಅಂಟಿಕೊಂಡವು. ನಮಗೂ ಪಕ್ಕದ ಮನೆಯ ಅಜ್ಜಿಗೂ ನಡುವೆ ಒಂದೇ ಇಟ್ಟಂಗಿಯ ಗೋಡೆ. ಆಕೆ ಕೆಮ್ಮಿದರೆ ನಮ್ಮ ದೇವರ ಗೂಡಿನ ಗಂಟೆ ಅಲುಗಾಡೀತು ಎಂದು ನಮ್ಮ ಮನೆಯವರು ನಗುತ್ತಿದ್ದರು. ಮನೆ ಹೊಕ್ಕ ಎರಡನೆಯ ವಾರ ಆಕೆ ಬಾಗಿಲು ಬಡಿದು ನನ್ನನ್ನು ಕೇಳಿದಳು: “ನಿಮ್ಮ ಮನೆಯಲ್ಲಿ ದಿನಾ ಹನ್ನೊಂದು ಗಂಟೆಗೆ ಏನು ರಿಪೇರಿ ನಡೆಯುತ್ತದೆ?” ನನಗೆ ತಿಳಿಯಲಿಲ್ಲ. ಒಳಗೆ ಕರೆದು ಕೂರಿಸಿದೆ. ಹನ್ನೊಂದಾಯಿತು. ನಾನು ಜೋಳದ ಹಿಟ್ಟು ನಾದಿ ಗೋಡೆಗೆ ತಾಗಿದ ಕಟ್ಟೆಯ ಮೇಲೆ ರೊಟ್ಟಿ ಬಡಿಯತೊಡಗಿದೆ. ಆಕೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಒಂದು ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟೆ, ತಿಂದು ಹೋದಳು. ಮತ್ತೆಂದೂ ದೂರು ಹೇಳಲಿಲ್ಲ. ಇದನ್ನು ನಾನು ಆ ಓಣಿಯ ಮೊದಲ ಉಪಕಾರವೆಂದು ಎಣಿಸಿದ್ದೇನೆ. ಸಂಜೆ ದೀಪ ಹಚ್ಚುವಾಗ ಅಂದಿನ ಉಪಕಾರಗಳನ್ನು ದೇವರ ಮುಂದೆ ಹೆಸರಿಟ್ಟು ಹೇಳುವ ರೂಢಿ ನನಗೆ ತವರಿನಿಂದ ಬಂದದ್ದು. ಕೆಲವು ದಿನ ಹುಡುಕಿದರೂ ಎರಡು ಸಿಗುವುದಿಲ್ಲ. ಆಗ ಒಂದನ್ನೇ ಎರಡು ಸಲ ಹೇಳುತ್ತೇನೆ.

ಆ ವರ್ಷ ಫಾಲ್ಗುಣ ಮಾಸದಲ್ಲಿ ನಮ್ಮ ಅತ್ತೆಯವರು ಮೂರು ತಿಂಗಳಿಗೆಂದು ಬಂದರು. ಬಾಗಲಕೋಟೆ ಕಡೆಯ ಹಳ್ಳಿಯವರು, ಎಪ್ಪತ್ತು ದಾಟಿದವರು, ಮೊಣಕಾಲು ನೋವು, ಸಕ್ಕರೆ ಕಾಯಿಲೆ. ಮಗನ ಮನೆ ಒಮ್ಮೆ ನೋಡಿ ಹೋಗಬೇಕೆಂದು ಬಂದವರು. ಒಳಗೆ ಕಾಲಿಟ್ಟು ಸುತ್ತ ನೋಡಿ ಮೊದಲು ಆಡಿದ ಮಾತು ಇದು:

“ಇದೇನ ನಿನ್ನ ಇಂಗ್ಲಿಷ್ ಓಣಿ? ಕೋಳಿಗೂಡ ಇದರಕಿಂತ ದೊಡ್ಡದಿರತೈತಿ.”

“ಕೋಳಿಗೂಡಿಗೆ ಹೀಟರ್ ಇರೂದಿಲ್ಲವ್ವಾ” ಎಂದರು ಇವರು.

“ಕೋಳಿಗೆ ಮೈತುಂಬ ಪುಕ್ಕ ಇರತಾವು. ನಿನಗೇನೈತಿ?”

ಅವರು ಬಂದು ಹದಿನೈದು ದಿನ ಆಗಿತ್ತೋ ಇಲ್ಲವೋ, ಸಾಂಕ್ರಾಮಿಕ ರೋಗ ಹಬ್ಬಿ ಎಲ್ಲವೂ ಮುಚ್ಚಿತು. ಇವರ ವಿಶ್ವವಿದ್ಯಾಲಯ ಮುಚ್ಚಿತು, ಮೂರನೆಯ ತರಗತಿಯ ಮಗಳ ಶಾಲೆ ಮುಚ್ಚಿತು, ಆಮೇಲೆ ನಮ್ಮ ದೇಶಕ್ಕೆ ಹೋಗುವ ವಿಮಾನಗಳು ನಿಂತವು. ಮೇಲಿನ ಒಂದು ಕೋಣೆಯಲ್ಲಿ ಇವರ ಮೀಟಿಂಗು, ಇನ್ನೊಂದರಲ್ಲಿ ಮಗಳ ಪಾಠ. ಕೆಳಗೆ ಸೋಫಾದ ಮೇಲೆ ಅತ್ತೆ, ಅವರ ಎದುರಿಗೆ ನಾನು. ಬೆಳಗಿನಿಂದ ರಾತ್ರಿಯವರೆಗೆ ಒಬ್ಬರ ಮುಖ ಒಬ್ಬರು ನೋಡುವುದು. ಒಲೆಯ ಮೇಲೆ ಹಾಲಿಟ್ಟರೆ, “ಉಕ್ಕತೈತಿ ನೋಡ.” ಉಕ್ಕುವ ಮೊದಲೇ ಇಳಿಸಿದರೆ, “ಹಸಿ ಹಾಲ ಇಳಿಸಿದೀ.” ಇದನ್ನು ದೂರೆಂದು ಬರೆಯುತ್ತಿಲ್ಲ. ಅವರಿಗೆ ನೋಡಲು ಬೇರೆ ಏನಿತ್ತು? ಈ ಊರಿನವರು ಕಿಟಕಿಗೆ ಪರದೆ ಎಳೆಯುವುದಿಲ್ಲ, ದಾರಿಹೋಕರು ಒಳಗೆ ನೋಡಿ ಕೈಬೀಸಿ ಹೋಗುತ್ತಾರೆ. ಅತ್ತೆ ಕೈಮುಗಿಯುತ್ತಿದ್ದರು.

ಯುಗಾದಿ ಬಂತು. ಬೇವಿಲ್ಲದ ಯುಗಾದಿ. ಮೆಂತ್ಯದ ಕಾಳು, ಬೆಲ್ಲ ಕೂಡಿಸಿ ದೇವರ ಮುಂದಿಟ್ಟೆ. ಆ ಬೆಳಿಗ್ಗೆ ಊರಿನಿಂದ ನಾದಿನಿ ಫೋನು ಮಾಡಿ ಮಾತಿನ ನಡುವೆ ಹೇಳಿಬಿಟ್ಟಳು, ಹೊರದೇಶದಲ್ಲಿ ಸತ್ತವರ ದೇಹವನ್ನು ಊರಿಗೆ ತರಲು ಬಿಡುತ್ತಿಲ್ಲವಂತೆ, ಅಲ್ಲೇ ಸುಡುತ್ತಾರಂತೆ. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಮಾವನವರ ಸಮಾಧಿ ಹೊಲದಲ್ಲಿದೆ, ಅದರ ಮಗ್ಗುಲಿಗೆ ಅತ್ತೆಯ ಜಾಗ ಬಿಟ್ಟಿದ್ದಾರೆ. ಅತ್ತೆ ಫೋನು ಕೆಳಗಿಟ್ಟರು. ಆಮೇಲೆ ಎದ್ದು ಹಿತ್ತಲಿಗೆ ಹೋದರು. ಬಿಸಿಲು ನೆಲದ ತನಕ ಬಿದ್ದಿತ್ತು. ಕೈಯಲ್ಲಿ ನೀರು ಹಿಡಿದು, ನಮಗೂ ಕೇಳುವಂತೆ ಬನಶಂಕರಿಗೆ ಮಾತು ಕೊಟ್ಟರು:

“ಯವ್ವಾ, ನನ್ನ ಹೊಸ್ತಿಲಾ ನಾ ತುಳಿಯೂ ಮಟ ಸೂರ್ಯಾನ ಮುಖ ನೋಡದ ತುತ್ತ ಎತ್ತೂದಿಲ್ಲ. ನನ್ನ ಜೀವಂತ ಮುಟ್ಟಸು.”

ನಮ್ಮ ಕಡೆ ಇದು ಹೊಸದಲ್ಲ. ಮಕ್ಕಳಿಗೆ ಜ್ವರ ಬಂದರೆ, ದಾರಿಗೆ ಹೋದವರು ಬರಲು ತಡವಾದರೆ ಹೆಂಗಸರು ಸೂರ್ಯನ ಹರಕೆ ಹಿಡಿಯುತ್ತಾರೆ. ಶ್ರಾವಣ ಬಿಟ್ಟರೆ ಆ ಬಯಲು ಸೀಮೆಯಲ್ಲಿ ಸೂರ್ಯ ಎಲ್ಲಿಗೆ ಹೋಗುತ್ತಾನೆ? ಏಳುವ ಹೊತ್ತಿಗೇ ಕಣ್ಣು ಕುಕ್ಕುತ್ತಿರುತ್ತಾನೆ. ಈ ದೇಶದ ಚಳಿಗಾಲ ಹೇಗೆಂದು ನನಗೆ ಗೊತ್ತಿತ್ತು. ಹೇಳಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ. ಮೂರು ತಿಂಗಳಲ್ಲಿ ಹೋಗುವವರಿಗೆ ಚಳಿಗಾಲದ ಮಾತು ಯಾಕೆ ಎಂದುಕೊಂಡೆ. ಹರಕೆಯ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆ ವಸಂತದಲ್ಲಿ ಎಂತಹ ಬಿಸಿಲು! ದಿನವೂ ಆಕಾಶ ತೊಳೆದಿಟ್ಟಂತೆ. ಪಕ್ಕದ ಅಜ್ಜಿ ಕೂಡ, ತನ್ನ ಬದುಕಿನಲ್ಲೇ ಇಂತಹ ಏಪ್ರಿಲ್ ನೋಡಿಲ್ಲ ಎಂದಳು. ಅತ್ತೆ ಹಿತ್ತಲಿಗೆ ಹೋಗಿ ಕೈಮುಗಿದು ಬಂದು ಎಂಟಕ್ಕೆಲ್ಲ ತಾಟಿನ ಮುಂದೆ ಕೂರುತ್ತಿದ್ದರು. “ನೋಡಿದೇನ? ಆಕಿ ಒಪ್ಪಿಕೊಂಡಾಳ” ಎನ್ನುತ್ತಿದ್ದರು. ನಾನೂ ನಂಬಿದೆ.

ಜೂನಿನ ಟಿಕೆಟ್ಟು ರದ್ದಾಯಿತು. ಸೆಪ್ಟೆಂಬರದಲ್ಲಿ ಟಿಲ್‌ಬರ್ಗಿನ ಒಂದು ಕನ್ನಡ ಕುಟುಂಬ ಊರಿಗೆ ಹೊರಟಿತ್ತು, ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಲು ಒಪ್ಪಿದ್ದರು. ಹೊರಡಲು ನಾಲ್ಕು ದಿನ ಇದ್ದಾಗ ಅವರಲ್ಲೇ ಒಬ್ಬರಿಗೆ ಜ್ವರ ಬಂತು. ಅತ್ತೆಯನ್ನು ಒಬ್ಬರನ್ನೇ ಕಳಿಸುವಂತಿಲ್ಲ. ಭಾಷೆ ಬಾರದು, ಕಾಲು ನಡೆಯದು, ನಡುವೆ ವಿಮಾನ ಬದಲಿಸಬೇಕು, ಇಳಿದ ಮೇಲೆ ಏಳು ದಿನ ಎಲ್ಲೋ ಬೇರೆ ಇರಬೇಕು. ಇವರು ಬಿಟ್ಟು ಬರೋಣವೆಂದರೆ ಇವರ ಪರವಾನಗಿಯ ಕಾಗದ ನವೀಕರಣಕ್ಕೆ ಹೋಗಿತ್ತು. ಹೋದರೆ ಮರಳಿ ಒಳಗೆ ಬಿಡುವರೋ ಇಲ್ಲವೋ. ಕಟ್ಟಿದ ಪೆಟ್ಟಿಗೆ ಸೋಫಾದ ಪಕ್ಕದಲ್ಲೇ ಉಳಿಯಿತು. ಅತ್ತೆ ಅದನ್ನು ಬಿಚ್ಚಲು ಬಿಡಲಿಲ್ಲ. ಸೀರೆ ಬೇಕಾದರೆ ಅಂಚಿನಿಂದ ಒಂದೊಂದೇ ಎಳೆದು ಮತ್ತೆ ಮುಚ್ಚುವರು.

ಅಕ್ಟೋಬರ ಮುಗಿಯುವ ಹೊತ್ತಿಗೆ ಸೂರ್ಯ ಹಿತ್ತಲಾಚೆಯ ಮಾಡಿನ ಹಿಂದೆ ಇಳಿದುಬಿಟ್ಟ. ಮೋಡವಿಲ್ಲದ ದಿನವೂ ನಮ್ಮ ಹಿತ್ತಲಿಗೆ ಅವನು ಕಾಣುತ್ತಿರಲಿಲ್ಲ. ಬೆಳಕು ಮಾತ್ರ ಆ ಹಂಚಿನ ಅಂಚಿನ ಮೇಲೆ ಹರಿದು ಹೋಗುತ್ತಿತ್ತು. ಇಂಗ್ಲಿಷ್ ಪದ್ಧತಿಯ ಆ ಕಡಿದಾದ ಮಾಡುಗಳನ್ನು ನಾನು ಅಂದು ಮೊದಲ ಸಲ ಶಪಿಸಿದೆ. ಕಾಣುತ್ತಿದ್ದದ್ದು ಅಟ್ಟದ ಬೆಳಕಿಂಡಿಯಿಂದ. ಅಲ್ಲಿಗೆ ಅತ್ತೆ ಹತ್ತಲಾರರು. ಮಗಳು ಓಡಿ ಹತ್ತಿ ಕೂಗುವಳು: “ಆಯಿ, ದ ಜೋನ್! ಜೋನ್ ಬಂತು!” ಡಚ್ಚರ ಜೋನ್ ಎಂದರೆ ಸೂರ್ಯನೆಂದು ಅತ್ತೆಗೆ ಆಗಲೇ ಗೊತ್ತಾಗಿತ್ತು. ಕೂಗು ಕೇಳಿದ ಕೂಡಲೇ ನಾನು ಅವರಿಗೆ ಕೋಟು, ಟೊಪ್ಪಿಗೆ, ಬೂಟು ತೊಡಿಸಿ, ತೋಳು ಹಿಡಿದು ಓಣಿಯ ತುದಿಯ ಹುಲ್ಲಿನ ಬಯಲಿಗೆ ಕರೆದೊಯ್ಯಬೇಕು. ನಾವು ಮುಟ್ಟುವುದರೊಳಗೆ ಮೋಡ ಮುಚ್ಚಿರುತ್ತಿತ್ತು. ಅಲ್ಲಿ ಬೆಂಚಿನ ಮೇಲೆ ಕೂತು ಕಾಯುವುದು. ಜನ ಎರಡು ಮಾರು ದೂರದಿಂದ ಸುತ್ತುಹಾಕಿ ಹೋಗುವರು. ಕೆಲವು ದಿನ ಹತ್ತು ನಿಮಿಷಕ್ಕೆ ಮುಖ ತೋರಿಸಿದ, ಕೆಲವು ದಿನ ಎರಡು ತಾಸು ಕಾಯಿಸಿದ, ಕೆಲವು ದಿನ ಬರಲೇ ಇಲ್ಲ.

ಮೊದಲ ಸಲ ಮಧ್ಯಾಹ್ನವಾದರೂ ಅವನು ಬರದಿದ್ದಾಗ ಇವರು ಮೀಟಿಂಗು ಬಿಟ್ಟು ಕೆಳಗಿಳಿದು ಬಂದರು. ಊರಿನಲ್ಲಿದ್ದ ತಂಗಿಗೆ ವಿಡಿಯೋ ಕರೆ ಹಚ್ಚಿ ಫೋನನ್ನು ಅವ್ವನ ಮುಂದೆ ಹಿಡಿದರು. ಅಲ್ಲಿ ಇಳಿಬಿಸಿಲು, ಬೇವಿನ ಗಿಡದ ಮೇಲೆ ಸೂರ್ಯ.

“ಅವ್ವಾ, ನೋಡ. ನಮ್ಮೂರ ಸೂರ್ಯಾನ. ಇಲ್ಲಿಯವನಕಿಂತ ಅಸಲಿ. ಈಗ ಉಣ್ಣು.”

ಅತ್ತೆ ಫೋನನ್ನೂ ಮಗನನ್ನೂ ನೋಡಿದರು.

“ಫೋನಿನ್ಯಾಗ ನಿನ್ನ ತಂಗಿ ನಿನ್ನೆ ಹೋಳಿಗಿ ಮಾಡಿದ್ದು ಕಂಡೀ?”

“ಕಂಡೇನಿ.”

“ಹೊಟ್ಟಿ ತುಂಬಿತೇನ?”

ಇವರು ಫೋನು ಜೇಬಿಗಿಟ್ಟುಕೊಂಡು ಮೇಲೆ ಹೋದರು. ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ತಿರುಗಿ, “ನೀ ಹೇಳ ಆಕಿಗೆ. ನೀವಿಬ್ಬರೂ ಒಂದ ಪಕ್ಷದವರು” ಎಂದರು. ನನಗೆ ಸಿಟ್ಟು ಬಂತು. ದೇವರಿಗೆ ಕೊಟ್ಟ ಮಾತನ್ನು ಮುರಿಯಿರಿ ಎಂದು ನಾನು ಯಾವ ಬಾಯಿಂದ ಹೇಳಲಿ? ನಾನೂ ಅದನ್ನೇ ನಂಬಿದವಳು. ಹೇಳದೇ ಇದ್ದರೆ ಸಕ್ಕರೆ ಕಾಯಿಲೆಯ ಜೀವ.

ನನ್ನ ಕೈಲಾದದ್ದು ಚಹಾ. ಚಹಾ ತುತ್ತಲ್ಲ ಎಂದು ಅತ್ತೆಯೇ ಹಿಂದೆ ಹೇಳಿದ್ದರು. ಅದನ್ನು ಹಿಡಿದುಕೊಂಡು ನಾನು ಗಟ್ಟಿ ಹಾಲಿನಲ್ಲಿ ಚಹಾ ಮಾಡಿ, ಸ್ವಲ್ಪ ರಾಗಿ ಹಿಟ್ಟನ್ನು ಕದಡಿ ಕುದಿಸಿ ಕೊಟ್ಟೆ. ಅತ್ತೆ ಒಂದು ಗುಟುಕು ಕುಡಿದು ಲೋಟ ಎತ್ತಿ ನೋಡಿದರು.

“ಇದು ಚಹಾನೋ ಅಂಬಲಿನೋ?”

“ಚಹಾರಿ ಅತ್ತಿ. ಈ ಊರ ಹಾಲು ದಪ್ಪ.”

“ಹಾಲಿಗೆ ರಾಗಿ ಹೊಲದ ವಾಸನಿ ಬರತೈತಲ್ಲ. ಆಕಳಾ ಕದ್ದ ಮೇದಿತ್ತೇನ?”

ಆದರೂ ಕುಡಿದರು. ಒಮ್ಮೆ ತಲೆ ತಿರುಗಿ ಬಾಗಿಲ ಚೌಕಟ್ಟು ಹಿಡಿದು ನಿಂತ ಮೇಲೆ ಬಾಳೆಹಣ್ಣಿಗೂ ಒಪ್ಪಿದರು. ಧಾನ್ಯ ಮಾತ್ರ ಇಲ್ಲ. ಮನೆ ಡಾಕ್ಟರಿಗೆ ಫೋನು ಮಾಡಿದೆವು. ಅವರು ಮಾತ್ರೆ ಅರ್ಧಕ್ಕೆ ಇಳಿಸಿ, ಈ ಉಪವಾಸ ನಿಲ್ಲಿಸದಿದ್ದರೆ ಒಂದು ದಿನ ಆಂಬುಲೆನ್ಸ್ ಕರೆಯಬೇಕಾಗುತ್ತದೆ ಎಂದು ಸ್ಪಷ್ಟವಾಗಿ ಹೇಳಿದರು. ಆಗಿನ ದಿನಗಳಲ್ಲಿ ಆಸ್ಪತ್ರೆಗೆ ಹೋದ ಮುದುಕರ ಜೊತೆ ಒಳಗೆ ಹೋಗಲು ಮನೆಯವರಿಗೆ ಬಿಡುತ್ತಾರೋ ಇಲ್ಲವೋ ಎಂಬ ಭಯ ಎಲ್ಲರಿಗೂ ಇತ್ತು.

ನವೆಂಬರದ ಒಂದು ದಿನ ಮಧ್ಯಾಹ್ನ ಪಕ್ಕದ ಅಜ್ಜಿ ಬಾಗಿಲಿಗೆ ಬಂದು ದೂರ ನಿಂತಳು. ಮನೆಗೆ ಇಂತಿಷ್ಟೇ ಜನ ಬರಬೇಕೆಂಬ ನಿಯಮವಿದ್ದ ಕಾಲ, ಒಳಗೆ ಬರಲಿಲ್ಲ.

“ಎರಡು ದಿನದಿಂದ ರೊಟ್ಟಿಯ ಸದ್ದಿಲ್ಲ. ಕಾಯಿಲೆಯೇ?” ಎಂದು ಕೇಳಿದಳು.

ಅತ್ತೆ ಉಣ್ಣದ ದಿನ ನಾನು ರೊಟ್ಟಿ ಬಡಿಯುತ್ತಿರಲಿಲ್ಲ. ಉಪವಾಸ ಕೂತವರ ಎದುರಿಗೆ ರೊಟ್ಟಿಯ ವಾಸನೆ ಎಬ್ಬಿಸುವುದು ಹೇಗೆ? ನಾವು ಮೂವರೂ ಅನ್ನ ಮಾಡಿಕೊಂಡು ಮೇಲೆ ಕೂತು ಉಣ್ಣುತ್ತಿದ್ದೆವು, ಕಳ್ಳರಂತೆ. ನನಗೆ ಬಂದಷ್ಟು ಡಚ್ಚಿನಲ್ಲಿ ಆಕೆಗೆ ಹೇಳಿದೆ: ನಮ್ಮ ಅತ್ತೆ ಸೂರ್ಯನನ್ನು ನೋಡಿದ ಮೇಲೆ ಮಾತ್ರ ಊಟ ಮಾಡುತ್ತಾರೆ, ದೇವರಿಗೆ ಮಾತು ಕೊಟ್ಟಿದ್ದಾರೆ.

“ಇಲ್ಲಿ? ನವೆಂಬರದಲ್ಲಿ?” ಅಜ್ಜಿ ಆಕಾಶ ನೋಡಿದಳು. ನಗಲಿಲ್ಲ. “ನನ್ನ ತಾಯಿ ಶುಕ್ರವಾರ ಮಾಂಸ ಮುಟ್ಟುತ್ತಿರಲಿಲ್ಲ. ಕಾಯಿಲೆಯಾದಾಗ ಪಾದ್ರಿಯನ್ನು ಕೇಳಿದರೆ ಆತ ಅಪ್ಪಣೆ ಕೊಡುತ್ತಿದ್ದ. ನಿಮ್ಮಲ್ಲಿ ಅಪ್ಪಣೆ ಕೊಡುವವರು ಯಾರೂ ಇಲ್ಲವೇ?”

ಯಾರಿದ್ದಾರೆ? ಊರಿನ ಸ್ವಾಮಿಗಳಿಗೆ ಇವರು ಫೋನು ಹಚ್ಚಿ ಕೊಟ್ಟಿದ್ದರು. ಅವರು, ಅವ್ವಾ, ದೇವರು ಹಾಗೆಲ್ಲ ನೋಡುವುದಿಲ್ಲ, ಉಣ್ಣು ಎಂದಿದ್ದರು. ಅತ್ತೆ ಫೋನಿಗೆ ಶರಣು ಮಾಡಿ ಇಟ್ಟು, “ಪಾಪ, ಅವರು ಮಗಾ ಹೇಳಿಸಿದ್ದ ಹೇಳ್ಯಾರ” ಎಂದಿದ್ದರು.

ಅಜ್ಜಿಯ ಮನೆ ಸಾಲಿನ ಕೊನೆಯದು. ಅವಳ ಮೇಲಿನ ಕೋಣೆಗೆ ಪಕ್ಕದಲ್ಲೊಂದು ಕಿಟಕಿಯಿತ್ತು, ಅಲ್ಲಿಂದ ಬಯಲಿನ ಮೇಲಿನ ಆಕಾಶವೆಲ್ಲ ಕಾಣುತ್ತಿತ್ತಂತೆ. ಮರುದಿನದಿಂದ ಮೋಡ ಒಡೆಯುವ ಸೂಚನೆ ಕಂಡ ಕೂಡಲೇ ಆಕೆ ಗೋಡೆಗೆ ಮೂರು ಸಲ ಬಡಿಯತೊಡಗಿದಳು. ಸದ್ದು ಕೇಳಿದರೆ ಅತ್ತೆ ನನಗಿಂತ ಮೊದಲು ಬೂಟಿಗೆ ಕಾಲು ಚಾಚುವರು. “ಏಳ ಏಳ, ಅಜ್ಜಿ ಡಂಗುರ ಹೊಡದಾಳ!” ಆ ಮೂರು ಬಡಿತದಿಂದ ಎಷ್ಟು ದಿನ ಅತ್ತೆಯ ಹೊಟ್ಟೆಗೆ ರೊಟ್ಟಿ ಬಿತ್ತೆಂದು ನಾನು ಲೆಕ್ಕವಿಡಲಿಲ್ಲ, ಸಂಜೆಯ ದೀಪಕ್ಕೆ ಮಾತ್ರ ಹೇಳಿದೆ.

ಡಿಸೆಂಬರದಲ್ಲಿ ಬಡಿತ ನಿಂತಿತು. ಮಂಜು ಇಳಿಯಿತು. ಎದುರು ಮನೆಯ ಬೇಲಿಯೂ ಕಾಣದಂತಹ ಮಂಜು. ಒಂದು ದಿನ, ಎರಡು ದಿನ. ಶಾಲೆ ಮತ್ತೆ ಮುಚ್ಚಿತು. ಮಗಳು ಮೆಟ್ಟಿಲ ಮೇಲೆ ಕೂತು, “ಅಮ್ಮಾ, ಐ ಹೇಟ್ ದಿಸ್ ಹೌಸ್” ಎಂದಳು. ಬೈಯಬೇಕೆನಿಸಲಿಲ್ಲ. ನನಗೂ ಆ ಗೋಡೆಗಳು ದಿನಕ್ಕೊಂದು ಗೇಣು ಹತ್ತಿರ ಬಂದಂತೆ ಅನ್ನಿಸುತ್ತಿತ್ತು. ಹೊರಗೆ ಮಂಜು, ಒಳಗೆ ನಾವು, ನಮ್ಮ ನಡುವೆ ಆ ಕಟ್ಟಿದ ಪೆಟ್ಟಿಗೆ.

ಮೂರನೆಯ ದಿನ ಅತ್ತೆ ನೀರು ಕುಡಿಯಲೆಂದು ಎದ್ದು ಬಂದವರು ಅಡುಗೆ ಕಟ್ಟೆ ಹಿಡಿದು ಹಾಗೆಯೇ ನೆಲಕ್ಕೆ ಕುಸಿದರು. ಮೈ ಬೆವರಿತ್ತು, ಕೈ ತಣ್ಣಗೆ. ನಾನು ಸಕ್ಕರೆ ನೀರು ಬಾಯಿಗಿಟ್ಟೆ. ಕಣ್ಣು ಬಿಟ್ಟು ನನ್ನ ಸೆರಗು ಹಿಡಿದುಕೊಂಡರು.

“ಇಲ್ಲೇ ಹೋದ್ನಂದ್ರ ನನ್ನ ಸುಡತೀರಿ. ಸುಡಬ್ಯಾಡ್ರವ್ವಾ.”

“ಹಂಗಾರ ಉಣ್ರಿ ಅತ್ತಿ! ಉಂಡ್ರ ಊರು ಮುಟ್ಟತೀರಿ!”

“ಮಾತು ಕೊಟ್ಟೇನಿ. ತಪ್ಪಿದ್ರ ಆಕಿ ಮುಟ್ಟಸೂದಿಲ್ಲ.”

ಉಂಡರೆ ಹರಕೆ ಮುರಿದು ಊರು ಮುಟ್ಟುವುದಿಲ್ಲ. ಉಣ್ಣದಿದ್ದರೆ ಜೀವವೇ ಉಳಿಯದೆ ಊರು ಮುಟ್ಟುವುದಿಲ್ಲ. ನಾನು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಮೇಲಿನಿಂದ ಇವರು ಯಾರಿಗೋ ಇಂಗ್ಲಿಷಿನಲ್ಲಿ ಏನೋ ವಿವರಿಸುತ್ತಿದ್ದದ್ದು ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ದೇವರ ಗೂಡಿನ ಮುಂದೆ ನಿಂತೆ. ಅತ್ತೆ ಸೋಫಾದ ಮೇಲೆ ಎಚ್ಚರವಾಗಿದ್ದರು. ಕೈಯಲ್ಲಿ ನೀರು ಹಿಡಿದು ಗಟ್ಟಿಯಾಗಿಯೇ ಹೇಳಿದೆ: “ಯವ್ವಾ ಬನಶಂಕರಿ, ಇವರ ಹರಕಿ ಇಂದಿನಿಂದ ನಂದು. ಇವರು ಊರು ಮುಟ್ಟೂ ಮಟ ನಾ ನಡಸತೇನಿ.”

“ಏ ಹುಡುಗಿ! ನಿನಗ್ಯಾರ ಹೇಳಿದ್ರು?”

“ಯಾರೂ ಹೇಳಿಲ್ರಿ. ಮನಿ ಹರಕಿ ಇದು. ಮನ್ಯಾಗ ಯಾರ ನಡಸಿದ್ರೂ ಒಂದ. ನಿಮ್ಮ ಅತ್ತಿ ಹಾಸಿಗಿ ಹಿಡದಾಗ ಅವರ ಸೋಮವಾರ ನೀವು ಹಿಡದಿದ್ದಿಲ್ಲೇನ್ರಿ? ನೀವ ಹೇಳಿದ್ರಿ.”

ನಾನು ಜೋಳದ ಹಿಟ್ಟು ನಾದಿದೆ, ಎರಡು ರೊಟ್ಟಿ ಬಡಿದೆ, ಪಾಲಕದ ಪಲ್ಯ, ಶೇಂಗಾ ಚಟ್ನಿ, ಮೊಸರು ಇಟ್ಟು ತಾಟು ಕೊಟ್ಟೆ. ಅತ್ತೆ ಗೋಡೆಯ ಕಡೆ ಮುಖ ಮಾಡಿಕೊಂಡು ಉಂಡರು. ನನ್ನ ಹಟ ಮಧ್ಯಾಹ್ನದೊಳಗೆ ಇಳಿಯುತ್ತದೆ ಎಂದು ಅವರು ತಿಳಿದಿರಬೇಕು. ಸುಳ್ಳು ಯಾಕೆ, ನನ್ನ ಮನಸ್ಸಿನಲ್ಲಿ ಬರಿ ಭಕ್ತಿ ಇರಲಿಲ್ಲ. ಒಂಬತ್ತು ತಿಂಗಳ ಸಿಟ್ಟೂ ಇತ್ತು. ನೋಡಲಿ, ಎದುರಿಗೆ ಒಬ್ಬರು ಹಸಿದು ಕೂತರೆ ಹೇಗಿರುತ್ತದೆಂದು ಇವರಿಗೂ ತಿಳಿಯಲಿ ಎಂಬುದೂ ಇತ್ತು. ದೇವರಿಗೆ ಗೊತ್ತಿರುವುದನ್ನು ಇಲ್ಲಿ ಮುಚ್ಚಿಟ್ಟು ಏನು ಮಾಡಲಿ?

ಅಂದು ಸೂರ್ಯ ಬರಲಿಲ್ಲ. ಮರುದಿನವೂ ಬರಲಿಲ್ಲ. ಎರಡನೆಯ ದಿನ ಅತ್ತೆ ಅರ್ಧ ರೊಟ್ಟಿ ತಿಂದು ಕೈತೊಳೆದರು. ಆಮೇಲೆ ತಾವೇ ಕೋಲೂರಿ ಬಾಗಿಲಿಗೆ ಹೋಗಿ ಮಂಜಿನೊಳಗೆ ಕತ್ತು ಚಾಚಿ ನೋಡುವರು, ಬಂದು ಕೂರುವರು, ಮತ್ತೆ ಹೋಗುವರು. “ಎಲ್ಲಿ ಹಾಳಾಗಿ ಹ್ವಾದ ಇಂವಾ?” ಎಂದು ಸೂರ್ಯನನ್ನು ಬೈದದ್ದನ್ನು ನಾನೇ ಕೇಳಿದೆ. ಮಗಳಿಗೆ, “ಮ್ಯಾಲ ಹೋಗಿ ನೋಡವ್ವಾ ಪುಟ್ಟಿ, ನಿಮ್ಮವ್ವ ಉಂಡಿಲ್ಲ” ಎಂದು ಹತ್ತು ಸಲ ಹೇಳಿದರು. ತಮ್ಮ ಸಲುವಾಗಿ ಅವರು ಎಂದೂ ಮಗುವನ್ನು ಅಟ್ಟ ಹತ್ತಿಸಿದವರಲ್ಲ.

ಮೂರನೆಯ ದಿನ ಹನ್ನೊಂದಕ್ಕೆ ನಾನು ಅತ್ತೆಗೆಂದು ರೊಟ್ಟಿ ಬಡಿಯುತ್ತಿದ್ದೆ. ತಲೆ ಒಂದು ಸುತ್ತು ಬಂತು. ಕೈ ಹಂಚಿಗೆ ತಾಗಿತು. ದೊಡ್ಡದಲ್ಲ, ಎರಡು ಬೆರಳು ಕೆಂಪಾದವು. ನಾನು ಕೈಯನ್ನು ನಳದ ಕೆಳಗೆ ಹಿಡಿದು ನಿಂತಿದ್ದಾಗ ಅತ್ತೆ ಬಂದು ಒಲೆ ಆರಿಸಿದರು. ನನ್ನ ಒದ್ದೆ ಕೈಯನ್ನೇ ಹಿಡಿದು ಎಳೆದುಕೊಂಡು ಮುಂಬಾಗಿಲಿಗೆ ಹೋದರು. ಬಾಗಿಲು ತೆರೆದರು. ಹೊರಗೆ ಬೂದಿ ಬಣ್ಣದ ಮಂಜು.

“ಇದೇನ? ಹಗಲೋ, ರಾತ್ರಿನೋ?”

“ಹಗಲರಿ.”

“ಕಣ್ಣ ಕಾಣತಾವಿಲ್ಲೋ? ನನ್ನ ಮುಖ ಕಾಣತೈತಿಲ್ಲೋ?”

“ಕಾಣತೈತ್ರಿ.”

“ಸೂರ್ಯಾ ಇಲ್ದ ಕಾಣತೈತೇನ? ಈ ಹಗಲ ಯಾರ ಮಾಡ್ಯಾರ, ನಿನ್ನ ಗಂಡ ಲ್ಯಾಪ್‌ಟಾಪಿನ್ಯಾಗ ಮಾಡ್ಯಾನೇನ? ಅಂವಾ ಬಂದಾನ. ಮುಸುಕ ಹಾಕ್ಕೊಂಡ ಬಂದಾನ. ಈಗ ಎಲ್ಲಾರೂ ಮುಸುಕ ಹಾಕ್ಕೊಂಡ ಅಡ್ಡಾಡತಾರ, ಅಂವಾ ಹಾಕ್ಕೊಂಡ್ರ ಏನಾತು? ಕೈಮುಗಿ. ಮುಗದಿ? ನಡಿ, ಉಣ್ಣು.”

ನನಗೆ ನಗು ಬಂತು, ಅಳುವೂ ಬಂತು. “ಅತ್ತಿ, ಇದು ಇಷ್ಟು ದಿನಾ ನಿಮಗ ಯಾಕ ಹೊಳೀಲಿಲ್ರಿ?”

ಅತ್ತೆ ಬಾಗಿಲು ಹಾಕುತ್ತ ಹೇಳಿದರು: “ನನ್ನ ಹೊಟ್ಟಿ ಸಲುವಾಗಿ ನಾ ಹೇಳಿಕೊಂಡ್ರ ಅದು ನೆವ ಆಗತೈತಿ. ನಿನ್ನ ಸಲುವಾಗಿ ಹೇಳಿದ್ರ ನ್ಯಾಯ ಆಗತೈತಿ.”

ಪಕ್ಕದ ಅಜ್ಜಿ ಕೇಳಿದ ಅಪ್ಪಣೆ ಕೊಡುವವರು ಸೋಫಾದ ಮೇಲೆಯೇ ಇದ್ದರು. ಆದರೆ ತಮಗೆ ತಾವು ಕೊಟ್ಟುಕೊಳ್ಳಲಾರರು. ನಾನು ಹಸಿಯದೆ ಅವರ ಬಾಯಿಂದ ಅದು ಹೊರಡುವಂತೆಯೂ ಇರಲಿಲ್ಲ. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ. ಮಾಡಿಸಿದವಳು ಬೇರೆ ಎಂದೇ ಇಂದಿಗೂ ನಂಬಿದ್ದೇನೆ.

ಆವತ್ತು ಉಳಿದ ರೊಟ್ಟಿಗಳನ್ನು ಅತ್ತೆ ಬಡಿದರು. ನನ್ನ ಬೆರಳಿಗೆ ತುಪ್ಪ ಹಚ್ಚಿ ಕೂರಿಸಿ, ತಾವು ಕಟ್ಟೆಗೆ ಹೊಟ್ಟೆ ಆನಿಸಿ ನಿಂತು ನಾಲ್ಕು ರೊಟ್ಟಿ ಬಡಿದರು. ಅವರ ಕೈ ನನ್ನ ಕೈಗಿಂತ ಭಾರ, ಗೋಡೆ ಅದುರುತ್ತಿತ್ತು. ಮೂರನೆಯ ರೊಟ್ಟಿಯ ನಡುವೆ ಆಚೆ ಕಡೆಯಿಂದ ಟಕ್ ಎಂದು ಒಂದು ಬಡಿತ ಬಂತು. ಒಂದೇ. ಸೂರ್ಯನ ಸುದ್ದಿಯಲ್ಲ, ಹೊರಗೆ ಮಂಜು ಹಾಗೆಯೇ ಇತ್ತು. ಅತ್ತೆ ಲಟ್ಟಣಿಗೆ ಎತ್ತಿಕೊಂಡು ತಿರುಗಿ ಒಂದು ಬಡಿದರು. ಆಮೇಲೆ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣಲು ಕೂತೆವು. ಇವರು ಮೆಟ್ಟಿಲಿಳಿದು ಬಂದು ನೋಡಿ ಏನೂ ಕೇಳಲಿಲ್ಲ, ತಾವೂ ಒಂದು ರೊಟ್ಟಿ ಮುರಿದುಕೊಂಡು ಅಲ್ಲೇ ನೆಲಕ್ಕೆ ಕೂತರು. ಎಷ್ಟೋ ವಾರದ ಮೇಲೆ ನಾವು ಕೆಳಗೆ ಕೂತು ಉಂಡ ಊಟ ಅದು.

ಆ ಚಳಿಗಾಲ ಅಲ್ಲಿಗೆ ಮುಗಿಯಲಿಲ್ಲ. ರಾತ್ರಿ ಹೊರಗೆ ಹೋಗಬಾರದೆಂಬ ಕಟ್ಟಳೆ ಬಂತು, ಹಿಮ ಬಿದ್ದು ಬಾಗಿಲು ತೆರೆಯದಂತಾಯಿತು, ನಾವು ನಾಲ್ವರೂ ಒಬ್ಬರಿಗೊಬ್ಬರು ಬೇಸತ್ತೆವು, ಅತ್ತೆ ನನ್ನ ಹಾಲನ್ನು ಮತ್ತೆ ಹಸಿ ಎಂದರು. ಆದರೆ ದಿನವೂ ಬೆಳಿಗ್ಗೆ ನಾನು ಬಾಗಿಲಿಗೆ ಹೋಗಿ, ಇದ್ದರೆ ಸೂರ್ಯನಿಗೆ, ಇಲ್ಲದಿದ್ದರೆ ಅವನ ಮುಸುಕಿಗೆ ಕೈಮುಗಿಯುತ್ತಿದ್ದೆ. ನನ್ನ ಹಿಂದೆ ಅತ್ತೆ ನಿಂತಿರುತ್ತಿದ್ದರು. ಹರಕೆ ಈಗ ಅವರದ್ದಲ್ಲ. ಆದರೂ ನಾನು ಮುಗಿದ ಮೇಲೇ ಅವರು ತಾಟಿಗೆ ಕೂರುತ್ತಿದ್ದದ್ದು.

ಮಾರ್ಚಿನಲ್ಲಿ ಟಿಲ್‌ಬರ್ಗಿನ ಆ ಕುಟುಂಬ ಮತ್ತೆ ಹೊರಟಿತು. ಈ ಸಲ ಯಾರಿಗೂ ಜ್ವರ ಬರಲಿಲ್ಲ. ಹೊರಡುವ ದಿನ ಪಕ್ಕದ ಅಜ್ಜಿ ಬೇಲಿಯ ಆಚೆ ನಿಂತಿದ್ದಳು. ಅತ್ತೆ ಅವಳ ಹತ್ತಿರ ಹೋಗುವಂತಿರಲಿಲ್ಲ. ಕೋಲಿನಿಂದ ನಮ್ಮ ಬಾಗಿಲ ಚೌಕಟ್ಟಿಗೆ ಮೂರು ಸಲ ಬಡಿದು ಕಾರು ಹತ್ತಿದರು.

ಊರು ಸೇರಿ, ಬೇರೆ ಇರಬೇಕಾದ ಏಳು ದಿನ ಕಳೆದು, ತಮ್ಮ ಹೊಸ್ತಿಲು ತುಳಿದ ಮೇಲೆ ಫೋನು ಮಾಡಿದರು. ಇಲ್ಲಿ ಬೆಳಿಗ್ಗೆ ಎಂಟು ಗಂಟೆ, ಸಣ್ಣ ಮಳೆ.

“ಮುಟ್ಟಿದೆ ನೋಡವ್ವಾ. ನಿಮ್ಮ ಮಾವನ ಕಡೆ ಹೋಗಿ ಬಂದೆ. ನನ್ನ ಜಾಗಾ ಹಂಗ ಐತಿ. ಆದ್ರ ಏನ ಬಿಸಲ ಇದು, ಅಬಬಬಾ! ಹೊರಗ ಕಾಲಿಡಾಕ ಆಗವಲ್ದು. ನಿನ್ನೆಯಿಂದ ಬಾಗಲಾ ಹಾಕ್ಕೊಂಡ ಒಳಗ ಕುಂತೇನಿ.”

“ಕುಂದರ್ರಿ ಅತ್ತಿ. ತಂಪಿರ್ರಿ.”

“ನೀ ಉಂಡೀ?”

“ಇಲ್ರಿ, ಇನ್ನೂ ಹೊರಗ ಹೋಗಿಲ್ಲ.”

ಅತ್ತೆ, “ಹರಕಿ ಮುಗೀತವ್ವಾ. ನಾ ಮುಟ್ಟಿದೆ. ನಡಿ, ಉಣ್ಣು ಹೋಗು” ಎಂದರು.

ಹೂಂ ಎಂದೆ. ಫೋನು ಇಟ್ಟು ಬಾಗಿಲು ತೆರೆದು, ಮಳೆಯಲ್ಲಿ ನಿಂತು ಕೈಮುಗಿದು, ಒಳಗೆ ಬಂದು ಹಿಟ್ಟು ನಾದಿದೆ.